ಕೆಮ್ಮು ನಿಂತ ಮೇಲೂ ಮಾತ್ರೆ ಯಾಕೆ?

ಮಂಡ್ಯ, ಮದ್ದೂರು ಕಡೆಯಿಂದ ಮೈಸೂರಿಗೆ ಬರುವ ಟಿಬಿ ರೋಗಿಗಳು ಎರಡನೇ ತಿಂಗಳ ಹೊತ್ತಿಗೆ ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ: ‘ಕೆಮ್ಮು ನಿಂತೋಯ್ತಲ್ಲ ಸಾ, ಇನ್ಯಾಕ್ ಮಾತ್ರೆ?’ ಜ್ವರ ಬಿಟ್ಟಿರುತ್ತದೆ, ಊಟ ಸೇರುತ್ತಿರುತ್ತದೆ, ತೂಕವೂ ವಸಿ ಏರಿರುತ್ತದೆ. ಸುಮ್ನೆ ಗದರಿದರೆ ಯಾರೂ ಕೇಳಲ್ಲ. ಕ್ರಿಮಿ ಎಲ್ಲಿ ಕೂತಿದೆ ಅಂತ ಹೇಳಿದರೆ ಕೇಳುತ್ತಾರೆ.

ಅದು ಕೂತಿರುವುದು ತನ್ನನ್ನು ಕೊಲ್ಲಬೇಕಾದ ಜೀವಕೋಶದ ಒಳಗೇ. ಶ್ವಾಸಕೋಶದಲ್ಲಿ ಮ್ಯಾಕ್ರೊಫೇಜ್ ಎಂಬ ಕಾವಲು ಕೋಶಗಳಿವೆ. ಹೊರಗಿನಿಂದ ಬಂದ ಬ್ಯಾಕ್ಟೀರಿಯಾವನ್ನು ನುಂಗಿ ಒಂದು ಚೀಲದಲ್ಲಿ ಇಟ್ಟುಕೊಳ್ಳುತ್ತವೆ. ಆಮ್ಲ, ಕಿಣ್ವ ತುಂಬಿದ ಲೈಸೊಸೋಮ್ ಆ ಚೀಲಕ್ಕೆ ಬಂದು ಕೂಡಿಕೊಳ್ಳುತ್ತದೆ. ಬಹುಪಾಲು ಬ್ಯಾಕ್ಟೀರಿಯಾಗಳ ಕಥೆ ಅಲ್ಲಿಗೆ ಮುಗಿಯಿತು.

ಟಿಬಿ ಕ್ರಿಮಿ ಆ ಕೂಡುವಿಕೆಯನ್ನೇ ತಡೆಯುತ್ತದೆ. ಅದರ ಗೋಡೆಯಲ್ಲಿರುವ ಕೊಬ್ಬು ಮತ್ತು ಅದು ಹೊರಗೆ ಬಿಡುವ ಪ್ರೋಟೀನುಗಳು ಕೋಶದ ಒಳಗಿನ ಸಂಕೇತಗಳನ್ನು ಕೆಡಿಸುತ್ತವೆ. ಚೀಲದ ಪಿಹೆಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಜಾಸ್ತಿ) 5ರ ಆಸುಪಾಸಿಗೆ ಇಳಿಯಬೇಕಿತ್ತು, 6ರ ಮೇಲೆಯೇ ನಿಂತುಬಿಡುತ್ತದೆ. ಇಸ್ಯಾಟ್-6 ಎಂಬ ಪ್ರೋಟೀನು ಚೀಲದ ಪೊರೆಗೂ ಹಾನಿ ಮಾಡಲು ನೆರವಾಗುತ್ತದೆ. ಮಕ್ಕಳಿಗೆ ಹಾಕುವ ಬಿಸಿಜಿ ಲಸಿಕೆಯ ಬ್ಯಾಕ್ಟೀರಿಯಾದಲ್ಲಿ ಈ ಪ್ರೋಟೀನಿನ ಜೀನ್ ಇಲ್ಲ. ಅದು ಸೌಮ್ಯವಾಗಿರಲು ಇದೂ ಒಂದು ದೊಡ್ಡ ಕಾರಣ.

ಆ ಗೋಡೆಯ ಗಟ್ಟಿತನ ಲ್ಯಾಬಿನಲ್ಲಿ ಕಣ್ಣಿಗೇ ಕಾಣುತ್ತದೆ. ಕಫದ ಸ್ಲೈಡಿಗೆ ಕೆಂಪು ಬಣ್ಣ ಹಾಕಿ ಬಿಸಿ ಮಾಡಿ, ಆಮ್ಲದಲ್ಲಿ ತೊಳೆದರೆ ಉಳಿದೆಲ್ಲದರ ಬಣ್ಣ ಹೋಗುತ್ತದೆ. ನೀಲಿ ಹಿನ್ನೆಲೆಯಲ್ಲಿ ಇವು ಮಾತ್ರ ಸಣ್ಣ ಕೆಂಪು ಕಡ್ಡಿಗಳಾಗಿ ಉಳಿಯುತ್ತವೆ. ರಿಪೋರ್ಟಿನಲ್ಲಿ ‘ಎಎಫ್‌ಬಿ ಪಾಸಿಟಿವ್’ ಅಂತ ಬರೆಯುವುದು ಇದನ್ನೇ; ಎಎಫ್‌ಬಿ ಅಂದರೆ ಆಮ್ಲಕ್ಕೂ ಬಣ್ಣ ಬಿಡದ ಕಡ್ಡಿಯಾಕಾರದ ಬ್ಯಾಕ್ಟೀರಿಯಾ.

ಕ್ರಿಮಿಯನ್ನು ಕೊಲ್ಲಲು ಆಗದ ಕಾವಲು ಕೋಶಗಳು ಅದನ್ನು ಸುತ್ತುವರಿದು ಗಂಟು ಕಟ್ಟುತ್ತವೆ. ಅದೇ ಗ್ರಾನುಲೋಮಾ. ನಡುವಿನ ಭಾಗ ಸತ್ತು ಗಿಣ್ಣಿನ ಹಾಗೆ ಮೆತ್ತಗಾಗುತ್ತದೆ. ಅಲ್ಲಿ ಆಮ್ಲಜನಕ ಕಡಿಮೆ. ಕ್ರಿಮಿ ನಮ್ಮ ಕೋಶದ ಕೊಲೆಸ್ಟ್ರಾಲ್ ತಿಂದುಕೊಂಡು, ಬೆಳೆಯುವುದನ್ನೇ ಹೆಚ್ಚುಕಮ್ಮಿ ನಿಲ್ಲಿಸಿ ವರ್ಷಗಟ್ಟಲೆ ಇರಬಲ್ಲದು. ಚೆನ್ನಾಗಿ ಬೆಳೆಯುವಾಗಲೂ ಒಂದು ಎರಡಾಗಲು ಸುಮಾರು 20 ಗಂಟೆ ಬೇಕು. ಕರುಳಿನ ಇ-ಕೊಲೈಗೆ 20 ನಿಮಿಷ ಸಾಕು.

ಮಾತ್ರೆಯ ಲೆಕ್ಕ ಇಲ್ಲಿಂದಲೇ ಬರುವುದು. ಐಸೊನಿಯಜಿಡ್ ಎಂಬ ಮಾತ್ರೆ ಹೊಸ ಗೋಡೆ ಕಟ್ಟುವುದನ್ನು ತಡೆಯುತ್ತದೆ, ಹಾಗಾಗಿ ಬೆಳೆಯುತ್ತಿರುವ ಕ್ರಿಮಿ ಬೇಗ ಸಾಯುತ್ತದೆ. ಕೆಮ್ಮು ನಿಲ್ಲುವುದು ಅದಕ್ಕೇ. ಸುಮ್ಮನೆ ಕೂತಿರುವುದರ ಮೇಲೆ ಅದರ ಆಟ ಜಾಸ್ತಿ ನಡೆಯಲ್ಲ. ಅವಕ್ಕೆ ರಿಫಾಂಪಿಸಿನ್ ಬೇಕು, ಆಮ್ಲೀಯ ಜಾಗದಲ್ಲಿ ಕೆಲಸ ಮಾಡುವ ಪೈರಜಿನಮೈಡ್ ಬೇಕು. ಈ ಎರಡೂ ಸೇರಿದ್ದರಿಂದಲೇ ಚಿಕಿತ್ಸೆ 6 ತಿಂಗಳಿಗೆ ಇಳಿದಿದ್ದು. ಕೆಆರ್‌ಎಸ್ ರಸ್ತೆಯ ನಮ್ಮ ಹಳೇ ಟಿಬಿ ಆಸ್ಪತ್ರೆ, ಪಿಕೆಟಿಬಿ ಸ್ಯಾನಟೋರಿಯಂ, ಶುರುವಾದ ಕಾಲಕ್ಕೆ ಕ್ರಿಮಿ ಕೊಲ್ಲುವ ಮಾತ್ರೆಯೇ ಇರಲಿಲ್ಲ. ಗಾಳಿ, ಬಿಸಿಲು, ಒಳ್ಳೆ ಊಟ, ಅಷ್ಟೇ.

ಎರಡೇ ತಿಂಗಳಿಗೆ ಬಿಟ್ಟರೆ ಉಳಿದಿದ್ದು ಮತ್ತೆ ಏಳುತ್ತದೆ, ಔಷಧಿಗೆ ಬಗ್ಗದ ತಳಿಯಾಗುವ ಅಪಾಯವೂ ಇದೆ. ಶುಗರ್ ಇರುವವರು ಅದನ್ನೂ ಹತೋಟಿಯಲ್ಲಿಡಬೇಕು, ಸಕ್ಕರೆ ಕಾಯಿಲೆಯಲ್ಲಿ ಈ ಕಾವಲು ಕೋಶಗಳ ಕಸುವು ಕಮ್ಮಿ. ಕೀಲುವಾತಕ್ಕೆ ಕೊಡುವ, ಟಿಎನ್ಎಫ್ (ಈ ಗಂಟನ್ನು ಬಿಗಿಯಾಗಿ ಹಿಡಿದಿಡಲು ಬೇಕಾದ ನಮ್ಮ ದೇಹದ್ದೇ ಪ್ರೋಟೀನು) ತಡೆಯುವ ಇಂಜೆಕ್ಷನ್‌ಗಳಂತೂ ಹಳೇ ಗಂಟನ್ನೇ ಸಡಿಲಿಸಬಹುದು. ಅವನ್ನು ಶುರುಮಾಡುವ ಮೊದಲು ಟಿಬಿ ಪರೀಕ್ಷೆ ಆಗಿದೆಯಾ ಅಂತ ಡಾಕ್ಟರನ್ನು ನೀವೇ ಕೇಳಿ.