ಗೋವಿನಜೋಳ ಮತ್ತು ಸೋಯಾ: ಬಿತ್ತನೆಯಿಂದ ರಾಶಿಯವರೆಗೆ

ಧಾರವಾಡ, ಹಾವೇರಿ, ಬೆಳಗಾವಿ ಕಡೆ ಮುಂಗಾರಿನಲ್ಲಿ ಈ ಎರಡೂ ಬೆಳೆ ಅಕ್ಕಪಕ್ಕದ ಹೊಲಗಳಲ್ಲೇ ನಿಂತಿರುತ್ತವೆ. ಬಿತ್ತುವುದೂ ಹೆಚ್ಚುಕಡಿಮೆ ಒಂದೇ ಹದಕ್ಕೆ. ಪರೀಕ್ಷೆಗೆ ಓದುವಾಗ ನಾವು ಎರಡನ್ನೂ ಬೇರೆ ಬೇರೆ ಬಾಯಿಪಾಠ ಮಾಡುತ್ತೇವೆ. ಜೋಡಿಸಿ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಗೋವಿನಜೋಳ (ಮೆಕ್ಕೆಜೋಳ) ಕಾಳು ಕಟ್ಟುವವರೆಗೆ ಆದ ಕೊರತೆಯನ್ನು ಆಮೇಲೆ ತುಂಬಿಕೊಡುವುದಿಲ್ಲ, ಆದರೆ ಮಾಗಿದ ಮೇಲೆ ಹೊಲದಲ್ಲಿ ಕೆಲವು ದಿನ ಕಾಯುತ್ತದೆ. ಸೋಯಾ ಮೊದಮೊದಲು ಎಷ್ಟೋ ಕೊರತೆ ತುಂಬಿಕೊಳ್ಳುತ್ತದೆ, ಕೊಯ್ಲಿಗೆ ಬಂದ ಮೇಲೆ ಮಾತ್ರ ಒಂದು ವಾರವೂ ಕಾಯುವುದಿಲ್ಲ. ಯಾವ ಕೆಲಸಕ್ಕೆ ಯಾವಾಗ ಅವಸರ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಬಿತ್ತನೆ

ಗೋವಿನಜೋಳಕ್ಕೆ 60 × 20 ಸೆಂ.ಮೀ. ಅಂತರ, ಅಂದರೆ ಎಕರೆಗೆ ಸುಮಾರು 33 ಸಾವಿರ ಗಿಡ. ಈಗಿನ ಹೈಬ್ರಿಡ್‌ಗಳು ಮರಿ ಒಡೆಯುವುದು ಕಡಿಮೆ, ಗಿಡಕ್ಕೆ ಬಹುತೇಕ ಒಂದೇ ತೆನೆ. ಹೀಗಾಗಿ ಹುಟ್ಟದೆ ಉಳಿದ ಗುಣಿಯ ನಷ್ಟವನ್ನು ಪಕ್ಕದ ಗಿಡ ಪೂರ್ತಿ ತುಂಬಲಾರದು. ಸೋಯಾ 30 × 10 ಸೆಂ.ಮೀ. ಅಂತರದಲ್ಲಿ ಬಿತ್ತುತ್ತಾರೆ; ಅಲ್ಲಲ್ಲಿ ಗಿಡ ತಪ್ಪಿದರೂ ಪಕ್ಕದವು ಕವಲೊಡೆದು ಜಾಗ ತುಂಬುತ್ತವೆ.

ಆದರೂ ಸೋಯಾ ಬೀಜದ ವಿಷಯದಲ್ಲಿ ಉದಾಸೀನ ಸಲ್ಲದು. ಸಿಪ್ಪೆ ತೀರಾ ತೆಳು, ಚೀಲ ಎತ್ತಿ ಒಗೆದರೂ ಮೊಳಕೆ ಶಕ್ತಿ ಕುಗ್ಗುತ್ತದೆ. ಬಿತ್ತುವ ವಾರ ಮೊದಲೇ 100 ಕಾಳು ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡಿ. 70 ಮೊಳೆತರೆ ಎಕರೆಗೆ 25 ಕೆ.ಜಿ. ಸಾಕು. 60 ಮಾತ್ರ ಮೊಳೆತರೆ 25 × 70 ÷ 60, ಅಂದರೆ 29 ಕೆ.ಜಿ. ಬೇಕು. ಬೀಜೋಪಚಾರದಲ್ಲಿ ಶಿಲೀಂಧ್ರನಾಶಕ ಮೊದಲು, ಕೀಟನಾಶಕ ಆಮೇಲೆ, ರೈಜೋಬಿಯಂ (ಬೇರಿನ ಗಂಟಿನಲ್ಲಿದ್ದು ಸಾರಜನಕ ಒದಗಿಸುವ ಬ್ಯಾಕ್ಟೀರಿಯಾ) ಕೊನೆಗೆ. ನೆರಳಲ್ಲಿ ಆರಿಸಿ ಅದೇ ದಿನ ಬಿತ್ತಬೇಕು.

ಕಳೆನಾಶಕದಲ್ಲಿ ಒಂದು ಎಚ್ಚರಿಕೆ. ಗೋವಿನಜೋಳಕ್ಕೆ ಬಳಸುವ ಅಟ್ರಜಿನ್ ಸೋಯಾವನ್ನು ಸುಡುತ್ತದೆ. ಎರಡನ್ನೂ ಅಂತರಬೆಳೆಯಾಗಿ ಹಾಕಿದ್ದರೆ ಪೆಂಡಿಮೆಥಾಲಿನ್, ಇಲ್ಲವೇ ಎಡೆಕುಂಟೆ.

ಬೆಳವಣಿಗೆ ಹಂತ

ಗೋವಿನಜೋಳದ ಬೆಳೆಯುವ ತುದಿ ಆರನೇ ಎಲೆ ಬಿಡುವ ತನಕ ನೆಲದೊಳಗೇ ಇರುತ್ತದೆ. ಮೇಲಿನ ಎಲೆ ಹರಿದರೂ ಗಿಡ ಚೇತರಿಸಿಕೊಳ್ಳುತ್ತದೆ. ಆ ತುದಿ ನೆಲದ ಮೇಲೆ ಬಂದ ಮೇಲೆ ಅಪಾಯ ಹೆಚ್ಚು, ತೆನೆಯಲ್ಲಿ ಎಷ್ಟು ಸಾಲು ಕಾಳು ಬರಬೇಕೆಂಬುದು ತೀರ್ಮಾನವಾಗುವುದೂ ಅದೇ ಆಸುಪಾಸಿನಲ್ಲಿ. ಗಿಡ ಮೊಣಕಾಲುದ್ದ ಇದ್ದಾಗ, ಸುಮಾರು 30 ದಿನಕ್ಕೆ, ಯೂರಿಯಾ ಮೇಲುಗೊಬ್ಬರ ಬೀಳಲೇಬೇಕು ಅನ್ನುವುದು ಇದಕ್ಕೇ. ಸೂಲಂಗಿ (ಗಿಡದ ತುದಿಯ ಗಂಡು ಹೂಗೊಂಚಲು) ಬಂದ ಮೇಲೆ ಎಷ್ಟು ಸುರಿದರೂ ಕಾಳಿನ ಸಾಲು ಹೆಚ್ಚುವುದಿಲ್ಲ.

ಇದೇ ಹೊತ್ತಿಗೆ ಫಾಲ್ ಸೈನಿಕ ಹುಳು ಸುಳಿಯೊಳಗೆ ಸೇರಿರುತ್ತದೆ. ಭಾರತದಲ್ಲಿ ಇದು ಮೊದಲು ಕಂಡಿದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದಲ್ಲಿ. ತಲೆಯ ಮೇಲೆ ತಿರುವಿದ ‘ವೈ’ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಚುಕ್ಕೆ ಕಂಡರೆ ಅದೇ ಅಂತ ತಿಳಿಯಿರಿ. ಎಳೆಯ ಹುಳು ಎಲೆಯನ್ನು ಕೆರೆದು ಬಿಳಿ ಕಿಟಕಿ ಮಾಡುತ್ತದೆ. ಸಿಂಪಡಿಸಲು ಸರಿಯಾದ ಸಮಯ ಅದು. ಸುಳಿಯಲ್ಲಿ ಮರದ ಹೊಟ್ಟಿನಂಥ ಹಿಕ್ಕೆ ತುಂಬಿದ್ದರೆ ಹುಳು ದೊಡ್ಡದಾಗಿ ಒಳಗೆ ಇಳಿದಿದೆ ಎಂದರ್ಥ. ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ ಲೀಟರ್ ನೀರಿಗೆ 0.4 ಗ್ರಾಂ. ದ್ರಾವಣ ಸುಳಿಯೊಳಕ್ಕೇ ಬೀಳಬೇಕು, ಬರೀ ಎಲೆ ತೋಯ್ದರೆ ಏನೂ ಪ್ರಯೋಜನವಿಲ್ಲ.

ಇಡೀ ಬೆಳೆಯಲ್ಲಿ ಅತಿ ಸೂಕ್ಷ್ಮವಾದ ಕಾಲ ರೇಷ್ಮೆ (ತೆನೆಯ ತುದಿಯಲ್ಲಿ ಕಾಣುವ ನೂಲಿನಂಥ ಎಳೆಗಳು) ಹೊರಬರುವ ಹಿಂದುಮುಂದಿನ ಎರಡೆರಡು ವಾರ. ತೇವ ಕಡಿಮೆಯಾದರೆ ರೇಷ್ಮೆ ತಡವಾಗುತ್ತದೆ, ಸೂಲಂಗಿಯ ಪರಾಗ ಅಷ್ಟರಲ್ಲಿ ಉದುರಿ ಮುಗಿದಿರುತ್ತದೆ. ಒಂದು ಎಳೆಗೆ ಒಂದು ಕಾಳು ಎಂಬ ಲೆಕ್ಕ ನೆನಪಿಡಿ. ಪರಾಗ ಸೇರಿದೆಯೋ ಇಲ್ಲವೋ ನೋಡಲು ಒಂದು ತೆನೆ ಕಿತ್ತು, ಎಳೆ ಹರಿಯದಂತೆ ಸಿಪ್ಪೆ ಬಿಡಿಸಿ ಮೆಲ್ಲಗೆ ಅಲುಗಾಡಿಸಿ. ಉದುರಿದ ಎಳೆಗಳಿಗೆ ಕಾಳು ಕಟ್ಟಿದೆ, ಅಂಟಿಕೊಂಡೇ ಇರುವವಕ್ಕೆ ಇನ್ನೂ ಇಲ್ಲ. ಒಂದೇ ನೀರು ಕೊಡುವ ಅನುಕೂಲ ಇದ್ದವರು ಅದನ್ನು ಈ ಹೊತ್ತಿಗೆ ಉಳಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಸೋಯಾದಲ್ಲಿ ತಿಂಗಳಾಗುವಾಗ ಒಂದು ಗಿಡ ಮಣ್ಣುಸಮೇತ ಅಗೆದು ಬೇರಿನ ಗಂಟು ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣವಿದ್ದರೆ ಸಾರಜನಕ ಸ್ಥಿರೀಕರಣ (ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಕೆಲಸ) ನಡೆದಿದೆ, ಯೂರಿಯಾ ಬೇಡ. ಹೂವಿಗೆ ಮುಂಚೆ ಹುಳು ಮೂರನೇ ಒಂದು ಪಾಲು ಎಲೆ ತಿಂದರೂ ಗಿಡ ತಡೆದುಕೊಳ್ಳುತ್ತದೆ. ಕಾಯಿಯಲ್ಲಿ ಕಾಳು ತುಂಬುವಾಗ ಮಾತ್ರ ಆ ತಾಳಿಕೆ ಅರ್ಧಕ್ಕಿಳಿಯುತ್ತದೆ. ತುಕ್ಕು ರೋಗ ಬರುವುದೂ ಆಗಲೇ, ಕೆಳಗಿನ ಎಲೆಗಳ ಹಿಂಬದಿಯಿಂದ ಶುರುವಾಗಿ. ಜೆಎಸ್ 335 ತಳಿ ಇದಕ್ಕೆ ಬೇಗ ತುತ್ತಾಗುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಎಸ್‌ಬಿ 21 ನಿರೋಧಕ ತಳಿ.

ಕೊಯ್ಲು

ಮಿರುಗದ ಮಳೆಗೆ ಬಿತ್ತಿದ ನೂರು ದಿನದ ಸೋಯಾ ಸೆಪ್ಟೆಂಬರ್ ಕೊನೆಗೆ ಮಾಗುತ್ತದೆ. ಹಸ್ತಾ ಮಳೆ ಹೂಡುವ ಹೊತ್ತು ಅದು. ಎಲೆ ಉದುರಿ, ನೂರರಲ್ಲಿ 95 ಕಾಯಿ ಕಂದುಬಣ್ಣಕ್ಕೆ ತಿರುಗಿದರೆ ಒಣಹವೆ ನೋಡಿ ಕೊಯ್ಯಿರಿ. ಬಿಟ್ಟರೆ ಬಿಸಿಲಿಗೆ ಕಾಯಿ ಸಿಡಿದು ಕಾಳು ನೆಲದ ಪಾಲು. ಮಳೆ ಹಿಡಿದರೆ ಕಾಯಿಯಲ್ಲೇ ಬೂಸ್ಟು, ಮೊಳಕೆ. ಬೀಜಕ್ಕೆ ಇಡುವ ರಾಶಿಯಾದರೆ ಯಂತ್ರದ ವೇಗ ತಗ್ಗಿಸಬೇಕು, ಇಲ್ಲದಿದ್ದರೆ ಕಾಳು ಸೀಳುತ್ತದೆ.

ಗೋವಿನಜೋಳದಲ್ಲಿ ತೆನೆಯ ನಡುವಿನ ಕಾಳು ಕಿತ್ತು ಬುಡವನ್ನು ಉಗುರಿನಿಂದ ಕೆರೆಯಿರಿ. ಕಪ್ಪು ಪದರ ಕಂಡರೆ ಕಾಳಿಗೆ ಇನ್ನು ತೂಕ ಸೇರುವುದಿಲ್ಲ. ಆದರೆ ಆಗಲೂ ತೇವ ಶೇ. 30ರ ಮೇಲಿರುತ್ತದೆ. ತೆನೆ ಸಿಪ್ಪೆಯೊಳಗೇ ಒಣಗಲಿ, ಕಾಂಡ ಕೊಳೆತು ಗಿಡ ಬೀಳುತ್ತಿದ್ದರೆ ಮಾತ್ರ ಬೇಗ ಮುರಿಯಿರಿ.

ಮಾರುವಾಗ ಲೆಕ್ಕ ಬೇಕಾಗುವುದು ಇಲ್ಲಿ. ಬೆಂಬಲ ಬೆಲೆ ಖರೀದಿಗೆ ಗೋವಿನಜೋಳದ ತೇವ ಶೇ. 14, ಸೋಯಾ ಶೇ. 12 ಮೀರಬಾರದು. 2025-26ಕ್ಕೆ ಕ್ವಿಂಟಲ್ ಬೆಲೆ ಕ್ರಮವಾಗಿ 2,400 ಮತ್ತು 5,328 ರೂಪಾಯಿ. ಶೇ. 25 ತೇವದ 100 ಕ್ವಿಂಟಲ್ ಗೋವಿನಜೋಳದಲ್ಲಿ ಒಣ ಪದಾರ್ಥ 75 ಕ್ವಿಂಟಲ್. ಶೇ. 14ಕ್ಕೆ ಒಣಗಿಸಿದರೆ 75 ÷ 0.86, ಅಂದರೆ ಸುಮಾರು 87 ಕ್ವಿಂಟಲ್ ಉಳಿಯುತ್ತದೆ. ಹೋದ 13 ಕ್ವಿಂಟಲ್ ನೀರು. ಹಸಿ ಮಾಲಿಗೆ ವ್ಯಾಪಾರಿ ಹೇಳುವ ಬೆಲೆ 2,400ರ ಶೇ. 87, ಅಂದರೆ ಸುಮಾರು 2,090 ರೂಪಾಯಿಗಿಂತ ಬಹಳ ಕೆಳಗಿದ್ದರೆ, ಕಣ ಮತ್ತು ಬಿಸಿಲು ಎರಡೂ ಇರುವವರು ಒಣಗಿಸಿಯೇ ಮಾರುವುದು ಮೇಲು. ಹಸಿಯಾಗೇ ಗುಡ್ಡೆ ಹಾಕಿದರೆ ಒಳಗೆ ಕಾವು ಹುಟ್ಟಿ ಅಫ್ಲಾಟಾಕ್ಸಿನ್ ಎಂಬ ವಿಷ ತರುವ ಶಿಲೀಂಧ್ರ ಬೆಳೆಯುತ್ತದೆ. ಆಮೇಲೆ ಎಷ್ಟು ಒಣಗಿಸಿದರೂ ಆ ವಿಷ ಕಾಳಿನಿಂದ ಹೋಗುವುದಿಲ್ಲ.