ಉಜ್ಜುವ ಮೊದಲು ಓದಿ

ಹಳೆ ಕಾರು ತಂದವರೆಲ್ಲ ನನ್ನ ಗ್ಯಾರೇಜಿನಲ್ಲಿ ಮೊದಲು ಕೇಳುವುದು ಒಂದೇ ಪ್ರಶ್ನೆ: "ಪೇಂಟ್ ಯಾವಾಗ ಶುರು ಮಾಡ್ತೀರಿ?" ಕಳೆದ ವರ್ಷ 1969ರ ಕಮಾರೊ ಝೆಡ್-28, ಅಂದರೆ ಷೆವ್ರೊಲೆ ಕಂಪನಿಯ ಕಮಾರೊ ಕಾರಿನ ರೇಸಿಗಾಗಿ ಹುಟ್ಟಿದ ಮಾದರಿ, ತಂದವರೂ ಅದನ್ನೇ ಕೇಳಿದರು. ಹಾಸನದ ಕಡೆಯವರು, ಇಲ್ಲಿ ಓಹಾಯೋಗೆ ಬಂದು ಇಪ್ಪತ್ತು ವರ್ಷವಾಗಿದೆ. "ಪೇಂಟ್ ಆಮೇಲೆ ಸರ್. ಮೊದಲ ಒಂದು ತಿಂಗಳು ನನ್ನ ಕೈಯಲ್ಲಿ ಸ್ಪ್ಯಾನರ್‌ಗಿಂತ ಜಾಸ್ತಿ ಟಾರ್ಚು, ಕ್ಯಾಮೆರಾ ಇರುತ್ತೆ" ಅಂದೆ. "ಒಂದು ತಿಂಗಳಾ?" ಅಂದರು. ಆ ಒಂದು ತಿಂಗಳು ಏನು ಮಾಡುತ್ತೇವೆ ಅನ್ನುವುದೇ ಈ ಸಲದ ಅಂಕಣ.

ಮೊದಲು ಈ ಕಾರಿನ ಬಗ್ಗೆ ಎರಡು ಮಾತು. ಅಮೆರಿಕದ ಟ್ರಾನ್ಸ್-ಆಮ್ ರೇಸಿನಲ್ಲಿ ಎಂಜಿನ್ 5 ಲೀಟರ್ ಮೀರುವ ಹಾಗಿರಲಿಲ್ಲ. ಷೆವ್ರೊಲೆಯವರು ತಮ್ಮ 327 ಘನ ಇಂಚಿನ ಎಂಜಿನ್ನಿನ 4 ಇಂಚಿನ ಬೋರ್‌ಗೆ (ಸಿಲಿಂಡರಿನ ಅಗಲ) 283ರ 3 ಇಂಚಿನ ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) ಕೂಡಿಸಿ 5 ಲೀಟರಿಗಿಂತ ಸ್ವಲ್ಪ ಕಡಿಮೆಯ, 302 ಘನ ಇಂಚಿನ ವಿ8 ಮಾಡಿದರು. ಕಂಪನಿ ಹೇಳಿದ್ದು 290 ಹಾರ್ಸ್‌ಪವರ್. 1967ರಲ್ಲಿ ತಯಾರಾದ ಝೆಡ್-28 ಬರೀ 602. ಮಾರ್ಕ್ ಡೊನಹ್ಯೂ ಓಡಿಸಿದ ಪೆನ್ಸ್ಕಿ ತಂಡದ ಕಮಾರೊ 1968ರಲ್ಲೂ 1969ರಲ್ಲೂ ಷೆವ್ರೊಲೆಗೆ ಚಾಂಪಿಯನ್‌ಶಿಪ್ ತಂದುಕೊಟ್ಟಿತು. 1969ರಲ್ಲಿ ತಯಾರಾದ ಝೆಡ್-28ಗಳ ಸಂಖ್ಯೆ 20,302ಕ್ಕೆ ಏರಿತ್ತು. ಇವತ್ತು ಸಂತೆಯಲ್ಲಿ, ಶೋಗಳಲ್ಲಿ ಕಾಣುವ ಝೆಡ್-28ಗಳನ್ನೆಲ್ಲ ನಿಜ ಅಂತ ನಂಬುವ ಹಾಗಿಲ್ಲ. ಸಾಧಾರಣ ಕಮಾರೊಗೆ ಪಟ್ಟೆ ಬಳಿದು, ಬ್ಯಾಡ್ಜ್ ಅಂಟಿಸಿದವು ಎಷ್ಟೋ ಇವೆ.

ಅದು ಅಷ್ಟು ಸುಲಭವಾಗಿರುವುದಕ್ಕೆ ಒಂದು ಕಾರಣವಿದೆ. ಆ ಕಾಲದ ವಿನ್ ನಂಬರ್, ಅಂದರೆ ಒಂದೊಂದು ಕಾರಿಗೂ ಕಂಪನಿ ಕೊಡುವ ಗುರುತಿನ ಸಂಖ್ಯೆ, ಎಲ್ಲವನ್ನೂ ಹೇಳುವುದಿಲ್ಲ. 17 ಅಂಕಿಯ ನಂಬರ್ ಬಂದಿದ್ದು 1981ರ ಮಾಡೆಲ್‌ಗಳಿಂದ. ಈ ಕಾರಿನದು 13 ಅಂಕಿ. 124379ಎನ್ ಅಂತ ಶುರುವಾಗುತ್ತದೆ. 1 ಅಂದರೆ ಷೆವ್ರೊಲೆ, 24 ಅಂದರೆ ವಿ8 ಕಮಾರೊ, 37 ಅಂದರೆ ಕೂಪೆ, 9 ಅಂದರೆ 1969, ಎನ್ ಅಂದರೆ ಓಹಾಯೋದ ನಾರ್ವುಡ್ ಫ್ಯಾಕ್ಟರಿ. ಉಳಿದದ್ದು ಸರಣಿ ಸಂಖ್ಯೆ. ಇದರಲ್ಲಿ ಝೆಡ್-28 ಅನ್ನುವ ಸುಳಿವೇ ಇಲ್ಲ. ಫೋರ್ಡ್ ಆಗಿದ್ದರೆ 1967ರಿಂದ ಈಚಿನ ಎಷ್ಟೋ ಕಾರುಗಳಿಗೆ ಮಾರ್ಟಿ ರಿಪೋರ್ಟ್, ಅಂದರೆ ಕಂಪನಿಯ ದಾಖಲೆಯಿಂದ ತೆಗೆದ ಆ ಕಾರಿನ ವಿವರ, ತರಿಸಬಹುದು. ಪಾಂಟಿಯಾಕ್ ಆದರೆ ಬಿಲ್ಲಿಂಗ್ ದಾಖಲೆ ಸಿಗುತ್ತದೆ. ಅಮೆರಿಕದಲ್ಲಿ ಮಾರಾಟವಾದ ಕಮಾರೊಗೆ ಅಂಥ ದಾಖಲೆ ಕಂಪನಿಯ ಹತ್ತಿರ ಇಲ್ಲ. ಹಾಗಾಗಿ ಸಾಕ್ಷಿ ಅಂತ ನಮಗೆ ಉಳಿಯುವುದು ಕಾರು ಮಾತ್ರ. ಅದೃಷ್ಟವಿದ್ದರೆ ಮೊದಲ ಮಾಲೀಕರು ಜೋಪಾನ ಮಾಡಿದ ಕಾಗದ, ಮತ್ತು ಪ್ರೊಟೆಕ್ಟ್-ಓ-ಪ್ಲೇಟ್ ಅನ್ನುವ ಚಿಕ್ಕ ಲೋಹದ ವಾರಂಟಿ ತಗಡು. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಕೋಡುಗಳು ಅದರ ಮೇಲೆ ಉಬ್ಬಚ್ಚಾಗಿ ಇರುತ್ತವೆ.

ಹಾಗಾದರೆ ಕಾರನ್ನು ಓದುವುದು ಹೇಗೆ? ನಾನು ತಾರೀಖುಗಳಿಂದ ಶುರು ಮಾಡುತ್ತೇನೆ. ಎಂಜಿನ್ ಬ್ಲಾಕಿನ ಹಿಂಭಾಗದಲ್ಲಿ ಎರಕ ಹೊಯ್ದ ದಿನ ಮೂಡಿರುತ್ತದೆ. ಈ ಕಾರಿನಲ್ಲಿದ್ದದ್ದು ಎ 3 9. ಎ ಅಂದರೆ ಜನವರಿ, 3ನೇ ತಾರೀಖು, 9 ಅಂದರೆ 1969. ಬ್ಲಾಕಿನ ಮುಂಭಾಗಕ್ಕೆ ಬನ್ನಿ. ಬಲಗಡೆಯ ಸಿಲಿಂಡರ್ ಹೆಡ್ ಮುಂದೆ ಹೆಬ್ಬೆರಳಗಲದ ಒಂದು ಸಮತಟ್ಟು ಜಾಗವಿದೆ. ಅದನ್ನು ಪ್ಯಾಡ್ ಅನ್ನುತ್ತೇವೆ. ಅಲ್ಲಿ ವಿ0115ಡಿಝೆಡ್ ಅಂತ ಗುದ್ದಿತ್ತು. ಮಿಷಿಗನ್‌ನ ಫ್ಲಿಂಟ್ ಫ್ಯಾಕ್ಟರಿ, ಜನವರಿ 15, ಡಿಝೆಡ್ ಅಂದರೆ 1969ರ 302 ಎಂಜಿನ್. ಇನ್ನು ಫೈರ್‌ವಾಲ್ (ಎಂಜಿನ್ನಿಗೂ ಒಳಗಿನ ಸೀಟಿನ ಜಾಗಕ್ಕೂ ನಡುವಿನ ಗೋಡೆ) ಮೇಲಿನ ತಗಡಿನಲ್ಲಿ 01ಡಿ, ಅಂದರೆ ಬಾಡಿ ಕಟ್ಟಿದ್ದು ಜನವರಿ ನಾಲ್ಕನೇ ವಾರ. ಎರಕ ಮೊದಲು, ಆಮೇಲೆ ಜೋಡಣೆ, ಆಮೇಲೆ ಕಾರು. ಈ ಸಾಲು ತಪ್ಪಬಾರದು. ಜನವರಿಯ ಕಾರಿನಲ್ಲಿ ಮಾರ್ಚ್ ತಿಂಗಳ ಎಂಜಿನ್ ಕೂತಿದ್ದರೆ ಅದು ಆಮೇಲೆ ಬಂದದ್ದು, ಅಲ್ವಾ? ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಆಲ್ಟರ್ನೇಟರ್, ಕಾರ್ಬುರೇಟರ್, ಕಿಟಕಿ ಗಾಜು, ಇವಕ್ಕೆಲ್ಲ ತಮ್ಮದೇ ತಾರೀಖಿದೆ. ಒಂದೊಂದನ್ನೂ ಬರೆದು ಪಕ್ಕಪಕ್ಕ ಇಟ್ಟು ನೋಡುತ್ತೇನೆ.

ಪ್ಯಾಡ್ ಮೇಲೆ, ಇಲ್ಲವೇ ಆಯಿಲ್ ಫಿಲ್ಟರ್ ಹತ್ತಿರ, ವಿನ್ ನಂಬರಿನ ಒಂದು ತುಂಡನ್ನೂ ಗುದ್ದಿರುತ್ತಾರೆ. ಅದು ಕಾರಿನ ನಂಬರಿಗೆ ಕೂಡಿದರೆ ಇದೇ ಕಾರಿನ ಎಂಜಿನ್ ಅಂತ. ಆದರೆ ನಂಬರನ್ನು ಯಾರು ಬೇಕಾದರೂ ಗುದ್ದಬಹುದು. ಅದಕ್ಕೆ ನಾನು ನಂಬರಿಗಿಂತ ಅದರ ಹಿಂದಿನ ಲೋಹವನ್ನು ಜಾಸ್ತಿ ನೋಡುತ್ತೇನೆ. ಫ್ಯಾಕ್ಟರಿಯ ಯಂತ್ರ ಬ್ಲಾಕನ್ನು ಕತ್ತರಿಸಿದಾಗ ಪ್ಯಾಡ್ ಮೇಲೆ ಕೂದಲೆಳೆಯಂಥ ನೇರ ಗೆರೆಗಳು ಉಳಿಯುತ್ತವೆ. ಓರೆಯಾಗಿ ಟಾರ್ಚ್ ಬಿಟ್ಟರೆ ಕಾಣುತ್ತವೆ. ಗೆರೆ ಇಲ್ಲದೆ ಕನ್ನಡಿಯ ಹಾಗೆ ನುಣ್ಣಗಿದ್ದರೆ, ಅಥವಾ ಸುತ್ತು ಸುತ್ತಾಗಿ ಉಜ್ಜಿದ ಗುರುತಿದ್ದರೆ, ಹಳೆಯದನ್ನು ಯಾರೋ ಅಳಿಸಿದ್ದಾರೆ.

ಇಲ್ಲಿ ನನಗೆ ಇವತ್ತಿಗೂ ನೋವಾಗುವ ಒಂದು ವಿಷಯ ಹೇಳಬೇಕು. ಆ ಪ್ಯಾಡ್, ಹೆಡ್ ಕೂರುವ ಡೆಕ್ ಮೇಲ್ಮೈ, ಎರಡೂ ಒಂದೇ ಮಟ್ಟದಲ್ಲಿವೆ. ಡೆಕ್ ಸಮ ಮಾಡಲು ಒಂದು ಸಲ ಮಷಿನ್ ಓಡಿಸಿದರೆ ಪ್ಯಾಡ್ ಕೂಡ ಹೋಗುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಮಷಿನ್ ಶಾಪಿಗೆ ಇಂಥದ್ದೇ ಒಂದು ಬ್ಲಾಕ್ ಕಳಿಸಿದ್ದೆ. ಡೆಕ್ ಮುಟ್ಟಬೇಡಿ ಅಂತ ಚೀಟಿ ಕಟ್ಟಿದ್ದೆ. ಬ್ಲಾಕ್ ವಾಪಸ್ ಬಂದಾಗ ಫಳಫಳ ಹೊಳೆಯುತ್ತಿತ್ತು. ಪ್ಯಾಡ್ ಖಾಲಿ. ಎಷ್ಟೋ ದಶಕ ಉಳಿದಿದ್ದ ಗುರುತು ಒಂದು ಮಧ್ಯಾಹ್ನದಲ್ಲಿ ಅಳಿಸಿಹೋಗಿತ್ತು. ಅದೇ ನಂಬರನ್ನು ಮತ್ತೆ ಗುದ್ದಿಸಿಬಿಡಿ ಅಂತ ಎಷ್ಟೋ ಜನ ಹೇಳಿದರು. ನಾನು ಒಪ್ಪಲಿಲ್ಲ. ಗುದ್ದಿದ್ದು ನಿಜವಾದ ನಂಬರೇ ಆದರೂ ಆ ಗುರುತು ಸುಳ್ಳು. ಈಗ ಬ್ಲಾಕ್ ಜೊತೆ ನಾನೇ ಹೋಗುತ್ತೇನೆ, ಮಷಿನ್ ಮುಂದೆ ನಿಲ್ಲುತ್ತೇನೆ. ಡೆಕ್ ಸೊಟ್ಟಗಿದ್ದರೆ ಪ್ಯಾಡ್ ಹತ್ತಿರ ಬರುವ ಮೊದಲೇ ಕಟರ್ ನಿಲ್ಲಿಸಿ ಅಂತ ಕೇಳುತ್ತೇನೆ. ಅದನ್ನು ಮಾಡಲು ಬರುತ್ತದೆ. ಸ್ವಲ್ಪ ಹೊತ್ತು ಜಾಸ್ತಿ ಬೇಕು ಅಷ್ಟೇ.

ಹಾಸನದವರ ಕಾರು ಬಂದಾಗ ಕಿತ್ತಳೆ ಬಣ್ಣದಲ್ಲಿತ್ತು. 1969ರಲ್ಲಿ ಹಗ್ಗರ್ ಆರೆಂಜ್ ಅನ್ನುವ ಬಣ್ಣ ನಿಜವಾಗಿಯೂ ಇತ್ತು, ಕೋಡ್ 72. ಆದರೆ ಫೈರ್‌ವಾಲ್ ಮೇಲಿನ ತಗಡಿನಲ್ಲಿ ಇದ್ದದ್ದು 57 57. ಅದು ಫ್ಯಾದಮ್ ಗ್ರೀನ್, ಕಪ್ಪಿನ ಹತ್ತಿರದ ಕಡು ಹಸಿರು. ತಗಡನ್ನೂ ಹೊಸದಾಗಿ ಮಾಡಿ ಮಾರುವವರಿದ್ದಾರೆ, ಹಾಗಾಗಿ ಅದೊಂದನ್ನೇ ನಂಬಲಿಲ್ಲ. ಬಾಗಿಲ ಕೆಳಗಿನ ಅಲ್ಯುಮಿನಿಯಂ ಪಟ್ಟಿ ಬಿಚ್ಚಿದೆವು. ಹಿಂದಿನ ಸೀಟು ಎತ್ತಿದೆವು. ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿದೆವು. ಮೂರೂ ಕಡೆ ಹಸಿರು. ಹೀಟರ್ ಬಾಕ್ಸ್ ಬಿಚ್ಚಿದಾಗ ಫೈರ್‌ವಾಲ್ ಮೇಲೆ ಗುದ್ದಿದ್ದ ಗುಪ್ತ ನಂಬರ್ ಕೂಡ ಸಿಕ್ಕಿತು, ಡ್ಯಾಶ್ ಮೇಲಿನ ನಂಬರಿಗೆ ಸರಿಯಾಗಿ ಕೂಡಿತು. ಆ ಹಸಿರನ್ನು ಅವರು ಬೆರಳಿನಿಂದ ಮುಟ್ಟಿ ನೋಡಿದರು. ಒಂದು ತಿಂಗಳು ಯಾಕೆ ಅಂತ ಮತ್ತೆ ಕೇಳಲಿಲ್ಲ.

ಬಿಚ್ಚುವಾಗಲೂ ಅಷ್ಟೇ ನಿಧಾನ ಬೇಕು. ಕೊಳೆಯ ಕೆಳಗೆ ಫ್ಯಾಕ್ಟರಿಯ ಕೆಲಸಗಾರರು ಬಳಪದಲ್ಲಿ ಗೀಚಿದ ಗುರುತು, ಬೋಲ್ಟ್ ಬಿಗಿ ಮಾಡಿದ್ದೇವೆ ಅಂತ ಇಟ್ಟ ಬಣ್ಣದ ಬೊಟ್ಟು ಇನ್ನೂ ಇರುತ್ತವೆ. ಪ್ರೆಷರ್ ವಾಷರ್ ಹಿಡಿದರೆ ಒಂದೇ ನಿಮಿಷದಲ್ಲಿ ಮಾಯ. ಮೆತ್ತನೆ ಬ್ರಷ್, ಸಾಬೂನು ನೀರು, ಒಂದೊಂದು ಅಂಗೈಯಗಲಕ್ಕೂ ಫೋಟೊ. ಡಿಕ್ಕಿಯೊಳಗೆ ಕಪ್ಪು ಬಣ್ಣದ ಮೇಲೆ ನೀಲಿ-ಹಸಿರು ಚುಕ್ಕಿ ಸಿಡಿಸಿರುತ್ತಾರೆ. ಚುಕ್ಕಿ ಎಷ್ಟು ದಟ್ಟವಾಗಿದೆ ಅನ್ನುವುದನ್ನೂ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯುತ್ತೇನೆ. ಬೋಲ್ಟುಗಳು ಚೀಲಕ್ಕೆ, ಚೀಲದ ಮೇಲೆ ಜಾಗದ ಹೆಸರು.

ತುಕ್ಕು ಹಿಡಿಯುವ ಜಾಗಗಳು ಎಲ್ಲರಿಗೂ ಗೊತ್ತಿದ್ದದ್ದೇ: ಫ್ಲೋರ್, ಡಿಕ್ಕಿಯ ತಳ, ಹಿಂದಿನ ಗಾಜಿನ ಕೆಳಗೆ, ಹಿಂದಿನ ಚಕ್ರದ ಸುತ್ತಲಿನ ಕ್ವಾರ್ಟರ್ ಪ್ಯಾನೆಲ್‌ನ ತುದಿ. ಈಗ 1969ರ ಕಮಾರೊದ ಪೂರ್ತಿ ಬಾಡಿಯೇ ಹೊಸದಾಗಿ ಸಿಗುತ್ತದೆ. ಆದರೂ ಪ್ಯಾನೆಲ್ ಇಡೀ ಬದಲಿಸುವ ಮೊದಲು ಕೊಳೆತಷ್ಟೇ ಕತ್ತರಿಸಿ ಬೆಸೆಯಲಾಗುತ್ತದಾ ನೋಡಿ. ಮರಳು ಹೊಡೆದು ತುಕ್ಕು ತೆಗೆಯುವವರಿದ್ದಾರೆ, ಬಾನೆಟ್, ಛಾವಣಿಯಂಥ ಅಗಲದ ತಗಡನ್ನು ಅವರ ಕೈಗೆ ಕೊಡಬೇಡಿ. ಬಿರುಸಾಗಿ ಹೊಡೆದರೆ ತಗಡು ಹಿಗ್ಗಿ ಸೊಟ್ಟಗಾಗುತ್ತದೆ, ಮತ್ತೆ ಸರಿ ಬರುವುದಿಲ್ಲ. ಛಾವಣಿ ಮತ್ತು ಕ್ವಾರ್ಟರ್ ಪ್ಯಾನೆಲ್ ಸೇರುವ ಕಡೆ ಫ್ಯಾಕ್ಟರಿಯವರು ಸೀಸ ತುಂಬಿದ್ದಾರೆ. ಅದನ್ನು ಕಾಯಿಸಬೇಕಾದರೆ, ಉಜ್ಜಬೇಕಾದರೆ ಸರಿಯಾದ ಮಾಸ್ಕ್ ಇಲ್ಲದೆ ಹತ್ತಿರ ಹೋಗಬೇಡಿ.

ಈಗ ಪೇಂಟ್. ಜನರಲ್ ಮೋಟಾರ್ಸ್ ಆಗ ಬಳಸುತ್ತಿದ್ದದ್ದು ಅಕ್ರಿಲಿಕ್ ಲ್ಯಾಕರ್. ಮೇಲೆ ಬೇರೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಹೊಳಪಿನ ಪದರ, ಇರಲಿಲ್ಲ. ಇವತ್ತು ಬೇಸ್ ಕೋಟ್ ಮೇಲೆ ದಪ್ಪಗೆ ಕ್ಲಿಯರ್ ಹೊಡೆದರೆ ಕಾರು ಗಾಜಿನ ಡಬ್ಬಿಯೊಳಗೆ ಇಟ್ಟ ಹಾಗೆ ಕಾಣುತ್ತದೆ. ಚೆಂದವೇ, ಆದರೆ 1969ರಲ್ಲಿ ಯಾವ ಷೋರೂಮಿನಲ್ಲೂ ಕಮಾರೊ ಹಾಗೆ ಕಂಡಿರಲಿಲ್ಲ. ಝೆಡ್-28ರ ಪಟ್ಟೆ ನೋಡಿ. ಅಸಲಿ ಪಟ್ಟೆಯ ಅಂಚಿನ ಮೇಲೆ ಬೆರಳಾಡಿಸಿದರೆ ಸಣ್ಣ ಮೆಟ್ಟಿಲು ಸಿಗುತ್ತದೆ. ಕ್ಲಿಯರ್ ಕೆಳಗೆ ಹೂತರೆ ಅದು ಸಿಗುವುದಿಲ್ಲ. ಲ್ಯಾಕರ್ ಈಗ ಸಿಗುವುದು ಕಷ್ಟ, ವರ್ಷ ಕಳೆದರೆ ಬಿರುಕೂ ಬಿಡುತ್ತದೆ. ಹಾಗಾಗಿ ನಾನು ಕ್ಲಿಯರ್ ಇಲ್ಲದ ಸಿಂಗಲ್ ಸ್ಟೇಜ್ ಪೇಂಟ್ ಹೊಡೆಯುತ್ತೇನೆ. ಬಾಗಿಲ ಸಂದು ಫ್ಯಾಕ್ಟರಿಯಲ್ಲಿ ಎಷ್ಟಿತ್ತೋ ಅಷ್ಟೇ ಬಿಡುತ್ತೇನೆ. ಮಾಲೀಕರು ಅದನ್ನು ದೋಷ ಅಂದುಕೊಂಡರೆ ಹಳೆ ಫೋಟೊ ತೋರಿಸುತ್ತೇನೆ.

ಒಳಗಿನ ಸೀಟು, ಕಾರ್ಪೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಳ್ಳೆಯ ನಕಲು ಸಿಗುತ್ತದೆ. ಹಳೆಯದು ಹರಿದಿಲ್ಲ ಅಂದರೆ ಅದನ್ನೇ ತೊಳೆದು ಹಾಕಿ.

ಓಡಿಸುವ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುವುದಿಲ್ಲ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಹಳೆ ರಬ್ಬರ್ ಪೈಪುಗಳನ್ನು ಅದು ತಿಂದುಹಾಕುತ್ತದೆ. ನೋಡಲು ಹಳೆಯದರ ಹಾಗೇ ಇರುವ, ಎಥನಾಲ್ ತಡೆಯುವ ಪೈಪ್ ಹಾಕುತ್ತೇನೆ. ಬ್ರೇಕಿನ ರಬ್ಬರ್ ಭಾಗಗಳೆಲ್ಲ ಹೊಸವು. ಈ ಎಂಜಿನ್ನಿನ ವಾಲ್ವ್ ತೆರೆಯುವ ಕ್ಯಾಮ್‌ಗೆ ಹಳೆ ಥರದ ಸಾಲಿಡ್ ಲಿಫ್ಟರ್ ಇದೆ, ಝಿಂಕ್ ಅಂಶ ಸಾಕಷ್ಟಿರುವ ಆಯಿಲ್ಲೇ ಬೇಕು. ಕಂಪ್ರೆಷನ್ 11:1, ಅಗ್ಗದ ಪೆಟ್ರೋಲ್ ಹಾಕಿದರೆ ಎಂಜಿನ್ ಟಕಟಕ ಬಡಿಯುತ್ತದೆ. ಟೈರ್ ಎರಡು ಜೊತೆ ಇಟ್ಟುಕೊಳ್ಳಿ ಅಂತ ಹಾಸನದವರಿಗೆ ಹೇಳಿದ್ದೇನೆ. ಶೋಗೆ ಹಳೆ ಮಾದರಿಯ ಇ70-15, ರಸ್ತೆಗೆ ರೇಡಿಯಲ್.

ಬಿಚ್ಚಿದ ಯಾವ ಭಾಗವನ್ನೂ ನಾನು ಎಸೆಯುವುದಿಲ್ಲ. ಅವರ ಕಾರಿನದು ಈಗ ಮೂರು ಪೆಟ್ಟಿಗೆ ಆಗಿದೆ. ಮೊದಲನೆಯದರಲ್ಲಿ ಸ್ಪಾರ್ಕ್ ಪ್ಲಗ್ ವೈರುಗಳಿವೆ, ಒಣಗಿ ಕಡ್ಡಿಯಾಗಿವೆ, ಕರೆಂಟು ಸರಿಯಾಗಿ ಹಾಯುವುದಿಲ್ಲ. ಅದರ ಮೇಲೆ 4-ಕ್ಯೂ-68 ಅಂತ ಅಚ್ಚಾಗಿದೆ. 1968ರ ಕೊನೆಯ ಮೂರು ತಿಂಗಳಲ್ಲಿ ತಯಾರಾದ ವೈರು. ಜನವರಿ ನಾಲ್ಕನೇ ವಾರದ ಕಾರಿಗೆ ಇದಕ್ಕಿಂತ ಸರಿಯಾದ ವೈರು ಇಲ್ಲ. ಕಾರು ಮನೆಗೆ ಹೋಗುವ ದಿನ ಆ ಪೆಟ್ಟಿಗೆಗಳೂ ಜೊತೆಯಲ್ಲೇ ಹೋಗುತ್ತವೆ.