ಮೇಜು ತಟ್ಟಿದವರಿಗೆ ಮಾತ್ರ ಕೇಳಿಸುವ ಹಾಡು: ಪರಾನುಭೂತಿ ಟಿಪ್ಪಣಿ

ಪರೀಕ್ಷೆಯಲ್ಲಿ ‘ಪರಾನುಭೂತಿ ಎಂದರೇನು?’ ಎಂಬ ಪ್ರಶ್ನೆಗೆ ನಾವೆಲ್ಲ ಬರೆಯುವುದು ಒಂದೇ ಸಾಲು: ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವುದು. ಎರಡು ಅಂಕಕ್ಕೆ ಅಷ್ಟು ಸಾಕು. ಆದರೆ ಹಾಗೆ ನಿಲ್ಲಲು ನಮಗೆ ಯಾಕೆ ಆಗುವುದಿಲ್ಲ ಅನ್ನುವುದೇ ಪಾಠದ ತಿರುಳು.

ಒಂದು ಆಟ ಆಡಿ ನೋಡಿ. ಹಾಡೊಂದನ್ನು ಮನಸ್ಸಿನಲ್ಲೇ ಹಾಡಿಕೊಂಡು, ಅದರ ಲಯವನ್ನು ಮೇಜಿನ ಮೇಲೆ ತಟ್ಟಿ. ಎದುರಿನವರು ಹಾಡು ಯಾವುದು ಅಂತ ಹೇಳಬೇಕು. 1990ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮನಃಶಾಸ್ತ್ರದ ಸಂಶೋಧಕಿ ಎಲಿಜಬೆತ್ ನ್ಯೂಟನ್ ಮಾಡಿದ ಪ್ರಯೋಗ ಇದೇ. ಅರ್ಧದಷ್ಟಾದರೂ ಹಾಡು ಗೊತ್ತಾಗುತ್ತದೆ ಅಂತ ತಟ್ಟಿದವರ ಅಂದಾಜು. ಗೊತ್ತಾಗಿದ್ದು 120ರಲ್ಲಿ ಬರೀ 3!

ನಮ್ಮ ಗಂಗೋತ್ರಿ ಕ್ಯಾಂಪಸ್ಸಿನ ಕ್ಯಾಂಟೀನ್‌ನಲ್ಲಿ ನಾವೂ ಆಡಿದೆವು. ಗೆಳತಿ ದಿನಾ ಗುನುಗುವ ಹಾಡನ್ನೇ ನಾನು ತಟ್ಟಿದೆ. ‘ಏನೇ ಇದು, ಯಾರ ಮನೆ ಬಾಗಿಲು ತಟ್ತಿದ್ದೀಯ?’ ಅಂದಳು. ನನಗೆ ಸಿಟ್ಟೇ ಬಂತು. ನನ್ನ ತಲೆಯೊಳಗೆ ಪಿಟೀಲು, ತಬಲಾ ಎಲ್ಲ ನುಡಿಯುತ್ತಿತ್ತು. ಅವಳಿಗೆ ಕೇಳಿಸಿದ್ದು ಟಕ್ ಟಕ್ ಅಷ್ಟೇ. ಒಮ್ಮೆ ಗೊತ್ತಾದದ್ದನ್ನು ಗೊತ್ತಿಲ್ಲ ಅಂದುಕೊಳ್ಳಲು ಮನಸ್ಸಿಗೆ ಬರುವುದಿಲ್ಲ. ಮಗ್ಗಿ ಬಾರದ ಹುಡುಗನ ಮೇಲೆ ರೇಗುವ ಮೇಷ್ಟ್ರು ಕೆಟ್ಟವರೇ ಆಗಬೇಕಿಲ್ಲ, ಅಲ್ವಾ? ಅವರಿಗೆ ಹಾಡು ಕೇಳಿಸುತ್ತಿದೆ.

ಇನ್ನೊಂದು ಅಡ್ಡಿ ಅವಸರ. 1973ರಲ್ಲಿ ಪ್ರಕಟವಾದ, ಮನಃಶಾಸ್ತ್ರಜ್ಞರಾದ ಡಾರ್ಲಿ ಮತ್ತು ಬ್ಯಾಟ್ಸನ್ ಪ್ರಯೋಗದಲ್ಲಿ, ಪಾದ್ರಿಯಾಗಲು ಓದುತ್ತಿದ್ದವರ ದಾರಿಯಲ್ಲಿ ಒಬ್ಬ ಕುಸಿದು ಕೂತು ಕೆಮ್ಮುತ್ತಿದ್ದ. ಬಿಡುವಿದ್ದವರಲ್ಲಿ ಶೇ. 63 ಮಂದಿ ನೆರವಿಗೆ ನಿಂತರು. ತಡವಾಗಿದೆ ಅಂತ ಓಡುತ್ತಿದ್ದವರಲ್ಲಿ ಶೇ. 10. ದಾರಿಯಲ್ಲಿ ಬಿದ್ದವನಿಗೆ ನೆರವಾದವನ ಕಥೆ ಬೈಬಲ್‌ನಲ್ಲಿದೆ. ಇವರಲ್ಲಿ ಕೆಲವರು ಹೊರಟಿದ್ದೇ ಆ ಕಥೆಯ ಮೇಲೆ ಮಾತಾಡಲು!

ಹಾಗಾದರೆ ಜಾಸ್ತಿ ಊಹಿಸಿಕೊಂಡರೆ ಸರಿಹೋಗುತ್ತದಾ? 2018ರಲ್ಲಿ ಎಯಾಲ್, ಸ್ಟೆಫೆಲ್, ಎಪ್ಲಿ ಎಂಬ ಮೂವರು ಸಂಶೋಧಕರು 25 ಪ್ರಯೋಗಗಳ ಫಲಿತಾಂಶ ಪ್ರಕಟಿಸಿದರು. ‘ಅವರ ಜಾಗದಲ್ಲಿ ನಿಂತು ಯೋಚಿಸಿ’ ಅಂದರೂ ಇನ್ನೊಬ್ಬರ ಮನಸ್ಸಿನ ಬಗ್ಗೆ ಜನರ ಅಂದಾಜು ಸುಧಾರಿಸಲಿಲ್ಲ. ಸುಧಾರಿಸಿದ್ದು ಆ ವ್ಯಕ್ತಿಯನ್ನೇ ಕೇಳಿದಾಗ. ಉತ್ತರದಲ್ಲಿ ಇದನ್ನು ಬಿಡಬೇಡಿ.

ನನಗೆ ಇದು ಅರ್ಥವಾದದ್ದು ಮಂಡ್ಯದ ಚಿಕ್ಕಪ್ಪನಿಂದ. ಅವರ ಗದ್ದೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಮೇಲ್ಭಾಗದಲ್ಲಿದೆ. ಕೊನೇ ಭಾಗದವರು ನೀರಿಲ್ಲ ಅಂದರೆ ‘ಹರೀತಾನೇ ಇದ್ಯಲ್ಲ, ಸುಮ್ನೆ ಗಲಾಟೆ’ ಅನ್ನುತ್ತಿದ್ದರು. ಸುಳ್ಳೇನಲ್ಲ, ಅವರ ಕಣ್ಣೆದುರು ಹರಿಯುತ್ತಲೇ ಇತ್ತು. ಆಮೇಲೆ ಮಗಳನ್ನು ಮದ್ದೂರಿನ ಕಡೆ ಕೊಟ್ಟರು. ಒಂದು ಸಲ ಹೋದಾಗ ಬೀಗರ ಒಟ್ಲು (ಭತ್ತದ ಸಸಿಮಡಿ) ಒಣಗಿ ನಿಂತಿತ್ತು. ಈಗ ನಾಲೆಗೆ ನೀರು ಬಿಟ್ಟ ದಿನ ಅವರೇ ಮಗಳಿಗೆ ಫೋನ್ ಮಾಡುತ್ತಾರೆ: ‘ನಿಮ್ ಕಡೆ ನೀರು ಬಂತೇನವ್ವಾ?’